ಆರು ಮುಖ, ಒಂದು ಹೊಟ್ಟೆ

ಚನ್ನಗಿರಿ, ೧೮ ಜೂನ್ ೧೯೭೯, ಸೋಮವಾರ

ಅಡಿಕೆ ಮಂಡಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ. ಆರು ತಿಂಗಳು ರಾಹುಕಾಲ ನೋಡಲು ಮಾತ್ರ ಬಳಕೆಯಾಗಿತ್ತು. ಇವತ್ತು ಬರೆಯಲು ಒಂದು ವಿಷಯ ಬಸ್ಸಿನಿಂದಲೇ ಇಳಿದು ಬಂತು.

ಉದ್ದ ಹೆಸರಿದ್ದವರಿಗೆ ಅಡ್ಡಹೆಸರು ಬೇಕೇ ಬೇಕು. ನಮ್ಮ ಕಸ್ತೂರಕ್ಕನ ಮಗಳು ಒಂದು ಟ್ರಂಕು, ಒಂದು ಡಬ್ಬಿ ಚಕ್ಕುಲಿ ಮತ್ತು ಅಂತರಘಟ್ಟಮ್ಮ ಎಂಬ ಹೆಸರನ್ನು ಹೊತ್ತುಕೊಂಡು ಹೊನ್ನಾಳಿ ಬಸ್ಸಿನಿಂದ ಇಳಿದಳು. ಮೂರರಲ್ಲಿ ಹೆಸರೇ ಹೆಚ್ಚು ಭಾರ. ಅಕ್ಕ ಮಕ್ಕಳಾಗದಿದ್ದಾಗ ಆ ದೇವಿಗೆ ಹರಕೆ ಹೊತ್ತಿದ್ದಳು. ಹರಕೆ ಹೊತ್ತವಳು ತಾಯಿ, ಹೆಸರು ಹೊತ್ತವಳು ಮಗಳು. ನಾನು ಬಸ್‌ಸ್ಟ್ಯಾಂಡಿನಲ್ಲೇ ಮುಕ್ಕಾಲು ಹೆಸರು ಇಳಿಸಿ, ಘಕಾರದ ಮಹಾಪ್ರಾಣವನ್ನೂ ತೆಗೆದು, ‘ಗಟ್ಟಿ’ ಎಂದು ಕರೆದೆ. ಹದಿಮೂರರ ಹುಡುಗಿ, ದನಿ ಮಾತ್ರ ಇರುವೆಯದು. ಗಟ್ಟಿಯಾಗಿ ಮಾತಾಡು ಗಟ್ಟಿ ಎಂದರೆ ನಕ್ಕಳು. ನಗು ಚೆನ್ನಾಗಿದೆ.

ಸಾಸ್ವೆಹಳ್ಳಿಯ ಆಚೆಗಿರುವ ಅವರ ಊರಿನಲ್ಲಿ ಶಾಲೆ ಏಳಕ್ಕೆ ಮುಗಿಯುತ್ತದೆ. ಇಲ್ಲಿ ಹೆಣ್ಣುಮಕ್ಕಳ ಹೈಸ್ಕೂಲಿಗೆ ಎಂಟನೆಯ ತರಗತಿಗೆ ಸೇರಿಸಿದ್ದಾಯಿತು. ಭಾವ ಮಹೇಶ್ವರಪ್ಪನವರಿಗೆ ಮಗಳನ್ನು ಕಳಿಸಲು ಮನಸ್ಸಿರಲಿಲ್ಲ. ಅಕ್ಕ ಹಟ ಹಿಡಿದದ್ದಕ್ಕೆ ಒಪ್ಪಿ, ಹುಡುಗಿ ಸೊರಗಿದರೆ ಬಂದು ಕರೆದುಕೊಂಡು ಹೋಗುತ್ತೇನೆಂದು ಹೇಳಿ ಕಳಿಸಿದ್ದಾರಂತೆ. ಅವ್ವ ಇರುವ ಮನೆಯಲ್ಲಿ ಯಾರೂ ಸೊರಗಿದ್ದಿಲ್ಲ, ನನ್ನನ್ನು ಬಿಟ್ಟು. ನಾನು ಬೆಳಿಗ್ಗೆ ತಿಂಡಿ ತಿನ್ನುವವನಲ್ಲ. ಹತ್ತು ಗಂಟೆಯವರೆಗೆ ನನಗೂ ನನ್ನ ಹೊಟ್ಟೆಗೂ ಮಾತಿಲ್ಲ. ಕಾಫಿಯೊಂದೇ ನಮ್ಮಿಬ್ಬರ ನಡುವಿನ ದೂತ. ಕಾರಣ ಕೇಳಿದವರಿಗೆ ದೇಹಪ್ರಕೃತಿ ಎನ್ನುತ್ತೇನೆ. ಜೂನಿಯರ್ ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕ; ಆ ಪದಕ್ಕೂ ಉಪವಾಸಕ್ಕೂ ಎರಡೇ ಅಕ್ಷರದ ದೂರ.

೯ ಜುಲೈ, ಸೋಮವಾರ

ಗಟ್ಟಿಗೆ ಹೊಟ್ಟೆನೋವು. ಅವ್ವ ಓಮದ ನೀರು ಕುಡಿಸಿ, ಹೊಕ್ಕುಳಿಗೆ ಇಂಗು ಹಚ್ಚಿ ಮಲಗಿಸಿದಳು. ಶಾಲೆಯ ಗಂಟೆ ಹೊಡೆದು ಅರ್ಧ ತಾಸಿಗೆ ನೋವು ಹೋಯಿತು. ಮಧ್ಯಾಹ್ನ ಎರಡು ರೊಟ್ಟಿ ತಿಂದಳು. ಸೋಮವಾರ ಎಂದರೆ ಸೋಮಾರಿವಾರ ಎಂದು ನಾನು ರೇಗಿಸಿದೆ.

ನನಗೂ ಚಿಕ್ಕವನಿದ್ದಾಗ ಹೀಗೇ ಇತ್ತು, ಜಗಳೂರಿನಲ್ಲಿ. ಜಂತುಹುಳದ ಕಾಟ. ಅಪ್ಪ ಅಲ್ಲಿ ರೆವಿನ್ಯೂ ಇನ್ಸ್‌ಪೆಕ್ಟರ್. ಅವ್ವ ನನ್ನನ್ನು ಎರಡು ಮೊಣಕಾಲಿನ ನಡುವೆ ಸಿಕ್ಕಿಸಿಕೊಂಡು ಮೂಗು ಹಿಡಿದು ಹರಳೆಣ್ಣೆ ಹಾಕುತ್ತಿದ್ದಳು. ಎಂಥ ದಿನಗಳು. ಹೆಸರಿನಲ್ಲೇ ಜಗಳ ಇಟ್ಟುಕೊಂಡರೂ ಅಷ್ಟು ಅಕ್ಕರೆಯ ಊರು ಇನ್ನೊಂದಿಲ್ಲ. ಚಡ್ಡಿ ಜೇಬಿನ ತುಂಬ ಹಸಿ ಕಡಲೆಕಾಯಿ, ಬೇಸಿಗೆಯಲ್ಲಿ ಕೆಂಪು ಧೂಳಿನ ಸುಳಿಗಾಳಿ, ಶಾಲೆಯ ಮುಂದಿನ ಬೇವಿನ ಮರ, ಅದಕ್ಕೆ ನೇತು ಹಾಕಿದ್ದ ರೈಲು ಕಂಬಿಯ ತುಂಡು. ರೈಲನ್ನೇ ಕಾಣದ ಊರಿನಲ್ಲಿ ಆ ಕಂಬಿಯ ಶಬ್ದಕ್ಕೇ ನಾವು ಓಡುತ್ತಿದ್ದೆವು. ಈಗಲೂ ಬೇವಿನ ಹೂವಿನ ವಾಸನೆ ಬಂದರೆ ನನ್ನ ಹೊಟ್ಟೆಯೊಳಗೆ ಏನೋ ಆಗುತ್ತದೆ. ಬಾಲ್ಯದ ನೆನಪು ಅಷ್ಟು ಗಾಢ.

೨ ಆಗಸ್ಟ್, ಗುರುವಾರ

ಇವತ್ತು ಒಂದು ಶ್ಲೇಷೆಯನ್ನು ಬೀದಿಯಲ್ಲಿ ಹಿಡಿದೆ.

ಕಾಲೇಜಿನಿಂದ ಬರುವಾಗ ಗಟ್ಟಿಯ ತರಗತಿಯ ಹುಡುಗಿಯರು ಗುಂಪಾಗಿ ಮುಂದೆ ಹೋಗುತ್ತಿದ್ದರು. ಗಟ್ಟಿ ಹಿಂದಿನಿಂದ ಸ್ವಲ್ಪ ಬಿರುಸಾಗಿ ನಡೆದು ಹತ್ತಿರ ಹೋದಳೋ ಇಲ್ಲವೋ, ಒಬ್ಬಳು ‘ಅಂತರ’ ಎಂದು ಕೂಗಿದಳು. ಅಷ್ಟೂ ಜನ ಕೈ ಚಾಚಿ ಒಂದು ಮಾರು ಪಕ್ಕಕ್ಕೆ ನೆಗೆದರು. ಡ್ರಿಲ್ ಮೇಷ್ಟ್ರು ಸಾಲು ನಿಲ್ಲಿಸುವಾಗ ‘ಒಂದು ಕೈ ಅಂತರ’ ಎನ್ನುತ್ತಾರಲ್ಲ, ಅದನ್ನು ಇವಳ ಹೆಸರಿಗೆ ಹೊಲಿದಿದ್ದಾರೆ. ಆಟಕ್ಕೆ ನಿಯಮವೂ ಇದೆಯಂತೆ. ಇವಳಿಗೆ ಯಾರಾದರೂ ತಗುಲಿದರೆ ಅವರಿಗೆ ಅಂತರ ಅಂಟಿತು. ಅವರು ಅದನ್ನು ಇನ್ನೊಬ್ಬರಿಗೆ ಒರೆಸಬೇಕು. ಯಾರಿಗೂ ಒರೆಸಲಾಗದೆ ಉಳಿದವರು ಆ ದಿನ ಸೋತಂತೆ.

ಹತ್ತಕ್ಕೆ ಎಂಟು ಅಂಕ ಕೊಡಲೇಬೇಕು. ನನ್ನ ಪಿಯುಸಿ ಹುಡುಗರಿಗೆ ವರ್ಷಪೂರ್ತಿ ಹೇಳಿದರೂ ಇಂಥದೊಂದು ಹೊಳೆಯುವುದಿಲ್ಲ. ಕಂಡುಹಿಡಿದವಳು ರುದ್ರಾಣಿ, ನಮ್ಮ ಗಣಿತದ ಮುರುಗೇಶಪ್ಪನವರ ಮಗಳು. ನನ್ನನ್ನು ಕಂಡು ಕೈ ಮುಗಿದಳು. ತುಂಬ ವಿನಯ.

ಗಟ್ಟಿ ನಗಲಿಲ್ಲ, ತನ್ನ ಕಾಲನ್ನೇ ನೋಡಿಕೊಳ್ಳುತ್ತಿದ್ದಳು. ಹೊಸ ಚಪ್ಪಲಿ ಕಚ್ಚುತ್ತಿರಬೇಕು.

೩ ಆಗಸ್ಟ್, ಶುಕ್ರವಾರ

ಸ್ಟಾಫ್ ರೂಮಿನಲ್ಲಿ ಶ್ಲೇಷೆಯ ವಿಷಯ ಹೇಳಿದೆ. ಮಗಳ ಪ್ರತಿಭೆಗೆ ಮುರುಗೇಶಪ್ಪನವರು ಎಲ್ಲರಿಗೂ ಮೆಣಸಿನಕಾಯಿ ಬಜ್ಜಿ ತರಿಸಿದರು. ನಾನು ಷಣ್ಮುಖಪ್ಪ, ಅವರು ಮುರುಗೇಶಪ್ಪ. ಇಬ್ಬರಿಗೂ ಒಂದೇ ದೇವರ ಹೆಸರು, ಆದರೆ ಮುಖ ಆರೂ ನನ್ನ ಪಾಲಿಗೆ ಬಂದವು. ಈ ಮಾತು ಎತ್ತಿದರೆ ಮುಗಿಯಿತು, ಜಗಳೂರಿನ ಆರು ಮುಖದ ಕಥೆ ಹೇಳಲೇಬೇಕು.

ಹೇಳಿದೆ. ಬೇವಿನ ಮರದ ಕೆಳಗೆ ಮಾರಪ್ಪ ಅಂತ ಒಬ್ಬ, ಮೂರು ಸಲ ಫೇಲಾಗಿ ಮೀಸೆ ಬಂದವನು, ದಿನಾ ಬೆಳಿಗ್ಗೆ ಗಂಟೆಗೆ ಮುಂಚೆ ನನಗಾಗಿ ಕಾಯುತ್ತಿದ್ದದ್ದು. ‘ಆರು ಮುಖ ಐತಲ್ಲೋ ನಿಂಗೆ, ಒಂದಕ್ಕೆ ಕೊಟ್ಟು ಸುಮ್ಕಾದ್ರೆ ಉಳಿದವು ಬೇಜಾರು ಮಾಡ್ಕಂತಾವೆ’ ಅಂತ ಲೆಕ್ಕಮಾಡಿ ಆರು ಏಟು ಕೊಡುತ್ತಿದ್ದದ್ದು. ಎಣಿಸುವ ಕೆಲಸ ಉಳಿದ ಹುಡುಗರದು. ಒಂದು ದಿನ ನಾನೇ ಮುಂದಾಗಿ, ಇವತ್ತು ಐದನೆ ಮುಖಕ್ಕೆ ಜ್ವರ, ಅದಕ್ಕೆ ರಜಾ ಕೊಡ್ರಿ ಅಂದದ್ದು. ಎಲ್ಲರೂ ಬಿದ್ದು ಬಿದ್ದು ನಕ್ಕು ಐದಕ್ಕೇ ಬಿಟ್ಟದ್ದು. ಹಾಸ್ಯದ ಬೆಲೆ ನನಗೆ ಅಂದೇ ತಿಳಿಯಿತು ಎಂದು ನಾನು ಮುಗಿಸುತ್ತೇನೆ: ಒಂದು ಜೋಕಿಗೆ ಒಂದು ಏಟು ರಿಯಾಯಿತಿ. ಹಾಗೆ ಏಟು ತಿಂದೇ ಗಟ್ಟಿಯಾದೆ.

ಮುರುಗೇಶಪ್ಪನವರು ಕಣ್ಣೊರೆಸಿಕೊಂಡು ನಕ್ಕರು. ಪ್ರತಿ ಸಲವೂ ಅಷ್ಟೇ ನಗುತ್ತಾರೆ. ಅಂಥ ಶ್ರೋತೃ ಸಿಗುವುದು ಪುಣ್ಯ.

೧೦ ಸೆಪ್ಟೆಂಬರ್, ಸೋಮವಾರ

ಹೊಟ್ಟೆನೋವು.

೧೭ ಸೆಪ್ಟೆಂಬರ್, ಸೋಮವಾರ

ಮತ್ತೆ. ಗಟ್ಟಿಗೆ ಈ ಸಲ ವಾಂತಿಯೂ. ಅವ್ವ ಹರಳೆಣ್ಣೆ ಸೀಸೆ ತೆಗೆದಳು, ಯಾಕೋ ಹಾಗೇ ವಾಪಸ್ ಇಟ್ಟಳು.

೨೫ ಸೆಪ್ಟೆಂಬರ್, ಮಂಗಳವಾರ

ಗಟ್ಟಿಯ ಲಂಗದ ಲಾಡಿಯನ್ನು ಅವ್ವ ಎರಡನೆಯ ಸಲ ಬಿಗಿ ಮಾಡಿದಳು. ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಊಟದ ಡಬ್ಬಿ ಹೋದಹಾಗೇ ಬರುತ್ತಿದೆ. ಒಬ್ಬಳೇ ಕೂತು ತಿನ್ನಲು ಬೇಜಾರಂತೆ. ಡಾಕ್ಟರ್ ರಂಗಣ್ಣನವರ ಹತ್ತಿರ ಕರೆದುಕೊಂಡು ಹೋದೆ.

ಅವರು ಹೊಟ್ಟೆ ಒತ್ತಿ, ನಾಲಿಗೆ ನೋಡಿ, ಹುಡುಗಿಯನ್ನು ಹೊರಗೆ ಕೂರಿಸಿದರು. ಹೊಟ್ಟೆ ಸರಿ ಇದೆ ಎಂದರು. ಭಾನುವಾರ ನೋಯುತ್ತದೆಯೇ ಎಂದು ಕೇಳಿದರು. ಇಲ್ಲ. ರಜೆಯಲ್ಲಿ? ಇಲ್ಲ. ಆಮೇಲೆ ಕನ್ನಡಕ ತೆಗೆದು, “ನೋಡ್ರಿ ಮೇಷ್ಟ್ರೆ, ಫಾರಿನ್ನಿನ ಪತ್ರಿಕೆಯೊಳಗೂ ಇದನ್ನೇ ಬರೀತಾರೆ. ಆ ಮಂಜಿನ ದೇಶದ ಮಕ್ಕಳಿಗೂ ಸ್ಕೂಲಿಗೆ ಹೊರಡೋ ಹೊತ್ತಿಗೇ ತಲೆನೋವು, ಹೊಟ್ಟೆನೋವು, ನಿದ್ದೆ ಇಲ್ಲ, ಊಟ ಇಲ್ಲ. ಹುಡುಕಿದ್ರೆ ಹೊಟ್ಟೇಲಿ ಏನೂ ಇರಾಕಿಲ್ಲ. ಕ್ಲಾಸಿನಾಗೆ ಯಾರೋ ಇರ್ತಾರೆ. ಇವಳಿಗೆ ಯಾರು ಕಾಡ್ತಾರೆ, ತಿಳ್ಕಳ್ರಿ” ಎಂದರು.

ಹೊಟ್ಟೆನೋವಿಗೆ ಪಾಸ್‌ಪೋರ್ಟ್ ಬೇಕಿಲ್ಲ ಅನ್ನಿ ಎಂದೆ. ಡಾಕ್ಟರು ನಗಲಿಲ್ಲ. ಹಾಸ್ಯಪ್ರಜ್ಞೆ ಕಡಿಮೆ.

೭ ಅಕ್ಟೋಬರ್, ಭಾನುವಾರ

ಡಾಕ್ಟರು ಹೇಳಿದಂತೆ ಕೇಳಿದೆ. ಗಟ್ಟಿ ಬಾಯಿ ಬಿಡಲಿಲ್ಲ. ಕೊನೆಗೆ, ಅಂತರದ ಆಟವೇ ಎಂದೆ. ಹೌದೆಂದು ತಲೆ ಆಡಿಸಿದಳು. ಮೊದಲು ಬೀದಿಯಲ್ಲಿತ್ತು, ಈಗ ಬೆಂಚಿನಲ್ಲಿ, ನೀರಿನ ತೊಟ್ಟಿಯ ಹತ್ತಿರ, ಪ್ರಾರ್ಥನೆಯ ಸಾಲಿನಲ್ಲಿ. ಜೂನ್‌ನಿಂದ ತರಗತಿಯಲ್ಲಿ ಯಾರೂ ಅವಳನ್ನು ಮುಟ್ಟಿಲ್ಲವಂತೆ, ತಪ್ಪಿ ತಗುಲಿ ಕಿರುಚಿದವರನ್ನು ಬಿಟ್ಟು.

ಧೈರ್ಯ ತುಂಬೋಣವೆಂದು ಜಗಲಿಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತ ಆರು ಮುಖದ ಕಥೆ ಹೇಳಿದೆ. ಮಾರಪ್ಪನ ದನಿ ಮಾಡಿದೆ. ಐದನೆಯ ಮುಖದ ಜ್ವರವನ್ನೂ ಅಭಿನಯಿಸಿದೆ. ಎಲ್ಲರೂ ನಗುವ ಜಾಗ ಬಂತು, ನಿಂತೆ.

ಅವಳು ಕಡಲೆಕಾಯಿ ಕೆಳಗಿಟ್ಟು ಕೇಳಿದಳು. “ನೋಯ್ತಿತ್ತಾ ಮಾಮ?”

ಇಪ್ಪತ್ತು ವರ್ಷದಿಂದ ಹೇಳುತ್ತಿರುವ ಕಥೆ. ಕಾಲೇಜಿನಲ್ಲಿ, ಹಾಸ್ಟೆಲಿನಲ್ಲಿ, ಮದುವೆ ಮನೆಗಳಲ್ಲಿ ಹೇಳಿದ್ದೇನೆ. ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ. “ಮುಖ ಆರಾದ್ರೂ ಹೊಟ್ಟೆ ಒಂದೇ ಅಲ್ಲೇನೆ? ಎಲ್ಲಾ ಅಲ್ಲಿಗೇ ಹೋಗ್ತಿತ್ತು.”

ತಮಾಷೆಗೇ ಅಂದದ್ದು. ಅವಳು ತನ್ನ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, “ನಂಗೂ” ಎಂದಳು.

೮ ಅಕ್ಟೋಬರ್, ಸೋಮವಾರ

ಬರೆಯಲು ಏನೂ ಇಲ್ಲ. ಗಟ್ಟಿ ಶಾಲೆಗೆ ಹೋಗಲಿಲ್ಲ. ನನಗೆ ಕಾಫಿಯೂ ಬೇಡವಾಗಿತ್ತು.

೨೧ ಅಕ್ಟೋಬರ್, ಭಾನುವಾರ, ದೀಪಾವಳಿ

ಅಕ್ಕ, ಭಾವ ಬಂದಿದ್ದರು. ಎಣ್ಣೆ ಹಚ್ಚುವಾಗ ಅಕ್ಕನ ಕೈಗೆ ಮಗಳ ಬೆನ್ನುಮೂಳೆ ಸಿಕ್ಕಿತು. ಮಾತು ಎತ್ತಿದವರು ಭಾವ. ಕೂಗಾಡುವ ಮನುಷ್ಯರಲ್ಲ ಅವರು. ಎಲೆಯಡಿಕೆ ಹಾಕಿಕೊಳ್ಳುತ್ತ, “ಓದು ನಾಲ್ಕು ಅಕ್ಷರ ಕಮ್ಮಿ ಆದ್ರೂ ನಡೀತೈತೆ. ಮಗಳು ಕಮ್ಮಿ ಆಗಬಾರ್ದು. ಸಂಕ್ರಾಂತಿಗೆ ಬರ್ತೀನಿ. ಹಿಂಗೇ ಇದ್ರೆ ಕರ್ಕಂಡು ಹೋಗ್ತೀನಿ” ಎಂದರು. ಗಟ್ಟಿ ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದಳು. ಆಮೇಲೆ ಬಂದು ನನ್ನ ಪಕ್ಕ ಕೂತು, ನಾನು ಓದಬೇಕು ಮಾಮ ಎಂದಳು. ಅಷ್ಟು ಹೇಳಲು ಅವಳ ಇರುವೆ ದನಿ ಎಷ್ಟು ಕಷ್ಟಪಟ್ಟಿತೋ.

ಅವರು ಹೊರಟ ಮೇಲೆ ಅವ್ವನಿಗೆ, ನನಗೂ ಜಗಳೂರಿನಲ್ಲಿ ಹೀಗೇ ಜಂತುಹುಳ ಇತ್ತಲ್ಲ, ತಾನಾಗಿ ವಾಸಿಯಾಗಲಿಲ್ಲವೇ ಎಂದೆ. ಅವ್ವ ದೀಪಕ್ಕೆ ಎಣ್ಣೆ ಬಿಡುತ್ತಿದ್ದಳು, ಪಕ್ಕದಲ್ಲಿ ಗಟ್ಟಿ ಬತ್ತಿ ಹೊಸೆಯುತ್ತಿದ್ದಳು.

“ಹುಳ ಎಲ್ಲಿತ್ತು ನಿಂಗೆ? ಸ್ಕೂಲಿದ್ದ ದಿನ ಬೆಳಿಗ್ಗೆ ತಿಂದಿದ್ದೆಲ್ಲ ಕಕ್ಕೋನು. ರಜಾದಾಗೆ ಏನೂ ಇಲ್ಲ. ನಿಮ್ಮಪ್ಪಾರಿಗೆ ನ್ಯಾಮತಿಗೆ ವರ್ಗ ಆತಲ್ಲ, ಬಂದ ವಾರದಾಗೆ ನಿಂತೋತು. ನೀರಿನ ಗುಣ ಅಂದ್ಕಂಡ್ವಿ. ಎಷ್ಟು ಹರಳೆಣ್ಣೆ ಕುಡಿಸಿದೆನೋ ಸುಮ್ಮಸುಮ್ಕೆ.”

ನ್ಯಾಮತಿಯ ನೀರು ಒಳ್ಳೆಯದೇ. ಅಲ್ಲಿಯ ಶಾಲೆಯಲ್ಲಿ ನನ್ನ ಪಕ್ಕ ಗೌಸ್‌ಪೀರ್ ಕೂರುತ್ತಿದ್ದ. ಸ್ಲೇಟು ಒರೆಸಲು ತನ್ನ ಒದ್ದೆ ಬಟ್ಟೆ ಕೊಡುತ್ತಿದ್ದ. ಅವನ ಕಥೆಯನ್ನು ನಾನು ಯಾರಿಗೂ ಹೇಳಿದ್ದಿಲ್ಲ. ಅದರಲ್ಲಿ ನಗುವ ಜಾಗವೇ ಇಲ್ಲ.

೫ ನವೆಂಬರ್, ಸೋಮವಾರ

ಹೆಡ್‌ಮಿಸ್ ಸರ್ವಮಂಗಳಮ್ಮನವರನ್ನು ಕಳೆದ ವಾರ ಕಂಡಿದ್ದೆ. ತರಗತಿಗೆ ಬಂದು ಎಲ್ಲರನ್ನೂ ಬೈದರಂತೆ. ಫಲ: ಈಗ ‘ಅಂತರ’ ಎಂದು ಯಾರೂ ಕೂಗುವುದಿಲ್ಲ. ಸುಮ್ಮನೆ ಸರಿಯುತ್ತಾರೆ. ಇದು ಇನ್ನೂ ಕೆಟ್ಟದ್ದು ಎಂದಳು ಗಟ್ಟಿ. ಕೂಗಿದ್ದರೆ ಎಲ್ಲಿ ನಿಲ್ಲಬೇಕೆಂದು ಗೊತ್ತಾಗುತ್ತಿತ್ತಂತೆ.

೧೨ ನವೆಂಬರ್, ಸೋಮವಾರ

ಮುರುಗೇಶಪ್ಪನವರಿಗೆ ಹೇಳಲೇಬೇಕಾಯಿತು. ಸ್ಟಾಫ್ ರೂಮಿನಲ್ಲಿ ಬೇರೆಯವರೂ ಇದ್ದರು; ಒಬ್ಬರೇ ಸಿಗಲಿ ಎಂದು ಕಾದು ಕಾದು ಹತ್ತು ದಿನ ಕಳೆದಿದ್ದೆ, ಇವತ್ತು ಕಾಯಲಿಲ್ಲ. ಬೆಳಿಗ್ಗೆ ಗಟ್ಟಿ ಬಚ್ಚಲ ಹತ್ತಿರ ಕೂತು ಬರೀ ಹುಳಿನೀರು ಕಕ್ಕಿದ್ದಳು. ರುದ್ರಾಣಿಗೆ ಸ್ವಲ್ಪ ಹೇಳಿ, ಆಟ ನಿಲ್ಲಿಸಲಿ ಎಂದೆ.

ಅವರು ಬಜ್ಜಿ ಕೊಡಿಸಿದ ದಿನದಂತೆಯೇ ನಕ್ಕರು. “ಮಕ್ಕಳಾಟ ಕಣ್ರೀ. ಹತ್ತಕ್ಕೆ ಎಂಟು ಕೊಟ್ಟೋರು ನೀವೇ ಅಲ್ವ? ನೀವು ಆರು ಏಟು ತಿಂದು ಗಟ್ಟಿಯಾಗಲಿಲ್ವೇನ್ರೀ? ಅವಳೂ ಆಗ್ತಾಳೆ ಬಿಡ್ರಿ.”

ಎಲ್ಲರೂ ನನ್ನ ಕಡೆ ತಿರುಗಿದರು. ಆರು ಮುಖದ ಕಥೆ ಬರುತ್ತದೆಂದು ಇತಿಹಾಸದವರು ಕುರ್ಚಿಯನ್ನೂ ಎಳೆದುಕೊಂಡರು.

“ಗಟ್ಟಿಯಾಗಲಿಲ್ಲ ಮುರುಗೇಶಪ್ಪನೋರೆ,” ಎಂದೆ. “ದಿನಾ ವಾಂತಿ ಮಾಡ್ತಿದ್ದೆ.”

ಅದರಲ್ಲಿ ಶ್ಲೇಷೆ ಎಲ್ಲಿದೆ ಎಂದು ಎಲ್ಲರೂ ಸ್ವಲ್ಪ ಹೊತ್ತು ಹುಡುಕಿದರು. ಬೆಲ್ ಹೊಡೆಯಿತು. ಕ್ಲಾಸಿಗೆ ಹೋದೆ. ಏನು ಪಾಠ ಮಾಡಿದೆನೋ ನೆನಪಿಲ್ಲ.

೨೧ ನವೆಂಬರ್, ಬುಧವಾರ

ಮುರುಗೇಶಪ್ಪನವರು ಮಾತು ಬಿಟ್ಟಿದ್ದಾರೆ. ಒಂದೇ ದೇವರು, ಎರಡು ಮೂಲೆ. ಸ್ಟಾಫ್ ರೂಮು ಶಾಂತವಾಗಿದೆ. ನನಗೂ ಹೇಳುವಂಥದು ಏನೂ ಹೊಳೆಯುತ್ತಿಲ್ಲ.

ಸಂಜೆ ಗಟ್ಟಿ ಕೇಳಿದಳು, ಮಾಮ, ನಿಮ್ಮ ಕಥೆ ನಾನು ಬೇರೆಯವರಿಗೆ ಹೇಳಬಹುದಾ ಎಂದು. ಹೇಳು ಎಂದೆ. ಯಾರಿಗೆ ಎಂದು ಕೇಳಲಿಲ್ಲ. ಅವಳಿಗೆ ಹೇಳಲು ಯಾರೋ ಇದ್ದಾರೆ ಎಂಬುದೇ ಸಾಕಾಯಿತು.

೩ ಡಿಸೆಂಬರ್, ಸೋಮವಾರ

ಶಾಲೆ ಬಿಟ್ಟ ಮೇಲೆ ಗಟ್ಟಿಯ ಜೊತೆ ಇನ್ನೊಬ್ಬಳು ಬಂದಳು. ಪಾತ್ರೆಗೆ ಕಲಾಯಿ ಹಾಕುವ ಬುಡನ್‌ಸಾಬರ ಮಗಳು ಖಮರುನ್ನೀಸಾ. ಎರಡು ಜಡೆ, ಮುಂದಿನ ಹಲ್ಲಿನಲ್ಲಿ ಸಂದಿ. ಜಗಲಿಯ ಮೇಲೆ ಗಟ್ಟಿಯ ಭುಜಕ್ಕೆ ಭುಜ ತಾಗಿಸಿ ಕೂತಳು. ಅವ್ವ ಇಬ್ಬರಿಗೂ ಮಂಡಕ್ಕಿ ಕೊಟ್ಟಳು, ಒಂದೇ ತಟ್ಟೆಯಲ್ಲಿ.

ನೀನು ಅಂತರ ಆಡುವುದಿಲ್ಲವೇನಮ್ಮ ಎಂದೆ.

“ಆಡ್ತಿದ್ದೆ ಸರ್. ಹೋದ ವಾರ ನಲ್ಲಿ ಹತ್ರ ಇವಳು ಒಬ್ಳೇ ನಿಂತಿದ್ಲು, ನಂಗೆ ನಿಮ್ಮ ಆರು ಮುಖದ್ದು ಹೇಳಿದ್ಲು. ಕಕ್ಕೋದೂ ಹೇಳಿದ್ಲು. ನಾನು ಕೈ ಹಿಡ್ಕಂಡೆ. ನಂಗೆ ಅಂಟ್ತು.”

ಆಮೇಲೆ?

“ಆಮೇಲೆ ಏನಿಲ್ಲ. ಅಂತರ ನನ್ ಹತ್ರಾನೇ ಐತೆ. ಯಾರಿಗೂ ಕೊಡಾಕಿಲ್ಲ.”

ಇಡೀ ವಾರ ಕೇಳಿದರಂತೆ. ರುದ್ರಾಣಿಯೇ ಬಂದು, ಒರೆಸೇ, ನನಗಾದರೂ ಒರೆಸೇ ಎಂದಳಂತೆ. ಇವಳು ಎರಡು ಕೈಯನ್ನೂ ಲಂಗದ ಜೇಬಿನಲ್ಲಿ ಇಟ್ಟುಕೊಂಡು, ಇಲ್ಲ ಎಂದಳಂತೆ. ಕೈ ಬದಲಾಯಿಸದಿದ್ದರೆ ಆ ಆಟ ಮುಂದಕ್ಕೆ ಹೋಗುವುದಿಲ್ಲ. ಎಲ್ಲರಿಗೂ ಬೇಜಾರು ಬಂದು ಕುಂಟೆಬಿಲ್ಲೆಗೆ ಹೋದರು.

ಹೆಡ್‌ಮಿಸ್ಸಿನ ಬೈಗುಳಕ್ಕೆ ಆಗದ್ದು, ಎಂಎ ಓದಿದ ನನಗೆ ಹೊಳೆಯದ್ದು. ನನ್ನ ಹತ್ತಕ್ಕೆ ಎಂಟನ್ನು ಇವತ್ತು ವಾಪಸ್ ತೆಗೆದುಕೊಂಡೆ. ಹತ್ತಕ್ಕೆ ಹತ್ತು ಈ ಹುಡುಗಿಯ ಜೇಬಿಗೆ.

೨೦ ಡಿಸೆಂಬರ್, ಗುರುವಾರ

ಮುರುಗೇಶಪ್ಪನವರು ಕಾರಿಡಾರಿನಲ್ಲಿ ನಿಲ್ಲಿಸಿದರು. ಸೀಮೆಸುಣ್ಣದ ಕೈಯನ್ನು ಒರೆಸಿಕೊಳ್ಳುತ್ತಲೇ ಇದ್ದರು. “ರುದ್ರಾಣಿನ ಮನೇಲಿ ನಾನು ಎಮ್ಮೆ ಅಂತ ಕರೀತಿದ್ದೆ ರೀ. ಸ್ವಲ್ಪ ದಪ್ಪ ಅಲ್ವ. ಮುದ್ದಿಗೆ ಅಂತಿದ್ದೆ. ಮೊನ್ನೆ ಕೇಳ್ದೆ ಅವಳನ್ನ, ನೋಯ್ತದೇನೇ ಅಂತ.” ಮಗಳನ್ನು ಈಗ ಏನೆಂದು ಕರೆಯುತ್ತೀರಿ ಎಂದೆ. ರುದ್ರಾಣಿ ಅಂತಲೇ, ಸ್ವಲ್ಪ ಉದ್ದ ಆಗುತ್ತೆ ಎಂದರು. ಇಬ್ಬರೂ ಸೇರಿ ಟೀ ಕುಡಿದೆವು.

ಗಟ್ಟಿ ಈ ಸೋಮವಾರವೂ ಹೊಟ್ಟೆ ಹಿಡಿದುಕೊಂಡಿದ್ದಳು. ಆದರೆ ಹಿಡಿದುಕೊಂಡೇ ಹೋದಳು.

೧೪ ಜನವರಿ ೧೯೮೦, ಸೋಮವಾರ

ನಾಳೆ ಹಬ್ಬ. ಭಾವ ಹೇಳಿದ ಮಾತಿನಂತೆ ಮೊದಲ ಬಸ್ಸಿಗೇ ಬಂದರು, ಟ್ರಂಕು ಕಟ್ಟಲು ಹುರಿಯನ್ನೂ ತಂದಿದ್ದರು. ಗಟ್ಟಿ ಜಡೆ ಹಾಕಿಸಿಕೊಳ್ಳುತ್ತಿದ್ದಳು. ಬಾಚಣಿಗೆಯನ್ನು ಅವ್ವ ಅವರ ಕಣ್ಣಿಗೆ ಬೀಳುವಂತೆ ಇಟ್ಟಳು; ಅದರಲ್ಲಿ ಮೂರೋ ನಾಲ್ಕೋ ಕೂದಲು. ಭಾವ ಮಗಳ ಮಣಿಕಟ್ಟು ಹಿಡಿದು ನೋಡಿದರು, ಸಂತೆಯಲ್ಲಿ ಎಳಗರು ನೋಡುವವರ ಹಾಗೆ. ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ.

ಅಷ್ಟರಲ್ಲಿ ಬೀದಿಯಿಂದ ಖಮರುನ್ನೀಸಾ ಕೂಗಿದಳು. ಅಂತರಘಟ್ಟಮ್ಮ ಎಂದು ಪೂರ್ತಿ ಹೆಸರು, ಒಂದು ಅಕ್ಷರವೂ ಬಿಡದೆ. ರೊಟ್ಟಿಯ ಕೊನೆಯ ತುಂಡನ್ನು ಬಾಯಿಗೆ ತುರುಕಿಕೊಂಡು ಗಟ್ಟಿ, ಬಂದೆ ಅಂದಳು. ಎದುರುಮನೆಯ ಗಾದ್ರಮ್ಮ ಯಾರೆಂದು ನೋಡಲು ಬಾಗಿಲಿಗೆ ಬಂದರು, ಅಷ್ಟು ಗಟ್ಟಿ. “ಅಪ್ಪಾ, ಇವತ್ತು ಸ್ಕೂಲೈತೆ. ಸಂಜೆ ಸಿಗ್ತೀನಿ” ಎಂದು ಹೊರಟೇಬಿಟ್ಟಳು. ಇಬ್ಬರೂ ಕೈ ಹಿಡಿದುಕೊಂಡು ಹೋದದ್ದನ್ನು ಭಾವ ತಿರುವಿನವರೆಗೂ ನೋಡಿದರು. ಆಮೇಲೆ ಹುರಿಯನ್ನು ಸುತ್ತಿ ಜೇಬಿಗೆ ಹಾಕಿಕೊಂಡು, “ಮಾರ್ಚಿಗೆ ಪರೀಕ್ಷೆ ಅಲ್ಲೇನು?” ಎಂದರು. ಹೌದು ಎಂದೆ.

ಅವರೊಬ್ಬರೇ ತಿನ್ನುವುದು ಚೆನ್ನಾಗಿರುವುದಿಲ್ಲವೆಂದು ನಾನೂ ಪಕ್ಕದಲ್ಲಿ ತಟ್ಟೆ ಹಾಕಿಕೊಂಡೆ. ಅಕ್ಕಿರೊಟ್ಟಿ, ಕಡಲೆಕಾಯಿ ಚಟ್ನಿ. ಚಟ್ನಿ ಬಾಯಿಗಿಟ್ಟೊಡನೆ ಜಗಳೂರಿನ ಹಸಿ ಕಡಲೆಕಾಯಿ, ಕೆಂಪು ಧೂಳು ಎಲ್ಲ ನೆನಪಾಗಿ ಭಾವನಿಗೆ ಆ ಊರಿನ ಬಗ್ಗೆ ಹೇಳುತ್ತ ಕೂತೆ. ಮಾರಪ್ಪನ ವಿಷಯ ಯಾಕೋ ಬರಲಿಲ್ಲ. ನ್ಯಾಮತಿಯ ಗೌಸ್‌ಪೀರನ ಒದ್ದೆ ಬಟ್ಟೆ ಬಂತು. ಹೇಳುತ್ತ ಹೇಳುತ್ತ ಇನ್ನೊಂದು ರೊಟ್ಟಿ ಕೇಳಿದೆ.

ಅವ್ವ ಕೊಡಲಿಲ್ಲ. ಮಗುಚುವ ಕೈ ಹಿಡಿದುಕೊಂಡು ಗೋಡೆ ಗಡಿಯಾರ ನೋಡಿದಳು, ನನ್ನ ತಟ್ಟೆ ನೋಡಿದಳು. ಎಂಟೂ ಕಾಲು; ಹತ್ತಾಗಲು ಇನ್ನೂ ಬಹಳ ಹೊತ್ತಿತ್ತು. ಹೆಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಏನವ್ವ ಅಂದರೆ ಸೆರಗಿನಿಂದ ಕಣ್ಣೊರೆಸಿಕೊಂಡು, ಹೊಗೆ ಎಂದಳು.

ಹಬ್ಬ ಕಳೆದ ಮೇಲೆ ಈ ಒಲೆಯ ಹೊಗೆಗೂಡು ರಿಪೇರಿ ಮಾಡಿಸಬೇಕು.